ಠಾಣೆಯಲ್ಲಿ ತೆಗೆದ ಭಾವಚಿತ್ರ

ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಕಛೇರಿಗೆ ಯುವಕನೊಬ್ಬನು ಬಂದನು. ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಮಾಣಿಯಾಗಿದ್ದವನು. ಈಗಲೂ ನನ್ನನ್ನು 'ಸೇಟ್ರೇ' ಎಂದೇ ಕರೆಯುತ್ತಾನೆ. ಮುಂದೆ ಬೇರೊಂದು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದಾಗ ಹಣ ಕಡಮೆ ಬಿತ್ತೆಂದು ಅವನ ಮೇಲೆ ದೂರಾಯಿತು. ದಸ್ತಗಿರಿಯಾದನು, ಎರಡು ವರ್ಷ ಕೋರ್ಟಿಗೆ ಅಲೆದನು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ರಾತ್ರಿ ಶಾಲೆ, ರಾತ್ರಿ ಕಾಲೇಜುಗಳಲ್ಲಿ ಓದಿದ ಅವನಿಗೆ ಈಗ ಗುಮಾಸ್ತೆಯ ಕೆಲಸವೊಂದು ದೊರೆಯುವುದರಲ್ಲಿತ್ತು. ಆ ಆಫೀಸಿನವರು ಅವನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರು. ಠಾಣೆಯ ಗೋಡೆಗೆ ಆನಿಸಿ ನಿಲ್ಲಿಸಿದ ಅವನ ಭಾವಚಿತ್ರ ಮೂಡಿಬಂದಿತು. ಅದು ನಮ್ಮದೇ ಪತ್ರಿಕೆಯ ಸುದ್ದಿ.

"ಬಿಡುಗಡೆಯಾದದ್ದನ್ನು ನೀವು ಹಾಕಲೇ ಇಲ್ಲವಲ್ಲ, ಸೇಟ್ರೇ" ಎಂದನು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ನನಗೆ ಸುಲಭವಾಗುತ್ತಿತ್ತು.

ಹಿಂದೆ ನಿನ್ನೆಯ ಪತ್ರಿಕೆ ಇಂದು ವಡೆ ಕಟ್ಟುವುದಕ್ಕೆ ಹೋಗುತ್ತಿತ್ತು; ಅದರೊಡನೆ ಮನುಷ್ಯನ ಅಪಕೀರ್ತಿಯೂ ಹೋಗುತ್ತಿತ್ತು. ಅಂತರ್ಜಾಲದಲ್ಲಿ ನಿನ್ನೆಯೆಂಬುದೇ ಇಲ್ಲ.

ಈ ಸಂಕಟದಿಂದ ಹಣ ಮಾಡುವ ವ್ಯಾಪಾರವೊಂದು ಅಮೆರಿಕದಲ್ಲಿ ಹುಟ್ಟಿಕೊಂಡಿತು. ಅಲ್ಲಿಯ ಫ್ಲಾರಿಡಾ ಮೊದಲಾದ ರಾಜ್ಯಗಳಲ್ಲಿ ದಸ್ತಗಿರಿಯ ದಾಖಲೆ ಸಾರ್ವಜನಿಕರ ಸೊತ್ತು. ಠಾಣೆಯಲ್ಲಿ ತೆಗೆದ ಭಾವಚಿತ್ರವೂ ಅದರೊಳಗೆ ಸೇರಿದೆ. ಕೆಲವರು ಈ ಚಿತ್ರಗಳನ್ನು ರಾಶಿರಾಶಿಯಾಗಿ ಎತ್ತಿ ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಿದರು. ಅಳಿಸಬೇಕೆಂದು ಬೇಡಿದವರಿಂದ ನೂರಾರು ಡಾಲರು ವಸೂಲು ಮಾಡಿದರು. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಅದೇ ಮುಖ! 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ವ್ಯವಹಾರವನ್ನು ಬಯಲಿಗೆಳೆದ ಸುಮಾರಿಗೆ ಗೂಗಲ್ ಸಂಸ್ಥೆಯು ಅಂತಹ ತಾಣಗಳನ್ನು ಕೆಳಕ್ಕೆ ತಳ್ಳಿತು. ಅಳಿಸಲು ಶುಲ್ಕ ಪಡೆಯಕೂಡದೆಂದು ಜಾರ್ಜಿಯಾ, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳು ಕಾನೂನು ಮಾಡಿದವು. 2018ರಲ್ಲಿ ಇಂತಹ ಒಂದು ತಾಣದವರೆನ್ನಲಾದ ನಾಲ್ವರ ಮೇಲೆ ಕ್ಯಾಲಿಫೋರ್ನಿಯಾ ಸರಕಾರವು ಸುಲಿಗೆಯ ಮೊಕದ್ದಮೆ ಹೂಡಿತು. ಚಿತ್ರ ಮಾರಿದವರ ಚಿತ್ರವನ್ನೂ ಪತ್ರಿಕೆಗಳು ಆಗ ಅಚ್ಚುಹಾಕಿದವು. 2020ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಪೋಲೀಸರು, ಸಾರ್ವಜನಿಕ ಸುರಕ್ಷೆಗೆ ಅವಶ್ಯವಿದ್ದ ಹೊರತು ಭಾವಚಿತ್ರ ಬಿಡುಗಡೆ ಮಾಡುವುದಿಲ್ಲವೆಂದು ನಿಶ್ಚಯಿಸಿದರು.

ಹಾಗಾದರೆ ದಸ್ತಗಿರಿಯನ್ನೇ ಗುಟ್ಟಾಗಿಡಬೇಕೆ? ಖಂಡಿತ ಕೂಡದು. ಊರಿನಿಂದ ನೂರಾರು ಮೈಲು ದೂರ ದುಡಿಯುವ ನಮ್ಮವರನ್ನು ಯಾವ ಠಾಣೆಯಲ್ಲಿ ಕೂಡಿಹಾಕಿದ್ದಾರೆಂದು ತಿಳಿಯದೆ ಹೋದರೆ ಗತಿಯೇನು? 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ದಸ್ತಗಿರಿಯಾದ 12 ಗಂಟೆಗಳೊಳಗೆ ಕಂಟ್ರೋಲ್ ರೂಮಿನ ಫಲಕದಲ್ಲಿ ವಿವರ ಹಾಕಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪಗಳನ್ನು ಪ್ರತಿ ಠಾಣೆಯಲ್ಲಿಯೂ ಪ್ರದರ್ಶಿಸಬೇಕೆನ್ನುತ್ತದೆ. ಬಂಧಿತನನ್ನು ಕಾಯುವುದಕ್ಕೆ ಹುಟ್ಟಿದ ಈ ಫಲಕವು ಅವನ ಹಣೆಗೆ ಅಂಟಿಕೊಂಡುಬಿಡುವುದೇ ತೊಡಕು.

ಬ್ರಿಟಿಷರ ಕಾಲದ 1920ರ ಕಾನೂನಿನಲ್ಲಿ ಒಂದು ಮಾತಿತ್ತು. ಹಿಂದೆ ದೊಡ್ಡ ಶಿಕ್ಷೆಯಾಗಿರದ ಆರೋಪಿಯು ಬಿಡುಗಡೆಯಾದರೆ ಅವನ ಭಾವಚಿತ್ರದ ಪ್ರತಿಗಳನ್ನೂ ನೆಗೆಟಿವನ್ನೂ ನಾಶಮಾಡಬೇಕು, ಇಲ್ಲವೆ ಅವನ ಕೈಗೆ ಕೊಡಬೇಕು. ಬೇಡವೆನ್ನಬೇಕಾದರೆ ಕಾರಣ ಬರೆದಿಡಬೇಕು. ಅದರ ಸ್ಥಾನದಲ್ಲಿ ಬಂದ 2022ರ ಕಾನೂನು ಇಂತಹ ದಾಖಲೆಗಳನ್ನು 75 ವರ್ಷ ಇಡಲು ಅವಕಾಶ ಕೊಟ್ಟರೂ, ನಿರ್ದೋಷಿಯದನ್ನು ಅಳಿಸಬೇಕೆಂಬ ನಿಯಮವನ್ನು ಉಳಿಸಿಕೊಂಡಿದೆ. ಆದರೆ ಇದೆಲ್ಲ ಸರಕಾರದ ಕಪಾಟಿನ ಮಾತಾಯಿತು. ಪತ್ರಿಕೆಯ ಕಪಾಟಿಗೆ ಬೀಗ ಹಾಕುವವರು ಯಾರು?

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ. ಮಾದಕ ವಸ್ತುವಿನ ಮೊಕದ್ದಮೆಯಿಂದ ಖುಲಾಸೆಯಾದ ಭಾರತ ಮೂಲದ ಅಮೆರಿಕನ್ ಪ್ರಜೆಯೊಬ್ಬರು, ಆ ತೀರ್ಪು ಅಂತರ್ಜಾಲದಲ್ಲಿರುವುದರಿಂದ ತನಗೆ ನೌಕರಿ ಸಿಗುತ್ತಿಲ್ಲವೆಂದು ದೆಹಲಿ ಹೈಕೋರ್ಟಿಗೆ ಹೋದರು. 2021ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ಹುಡುಕಾಟದಿಂದ ತೆಗೆಯುವಂತೆ ಮಧ್ಯಂತರ ಆಜ್ಞೆ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಮದ್ರಾಸು ಹೈಕೋರ್ಟು ಇಂತಹುದೇ ಆಜ್ಞೆಯನ್ನಿತ್ತಾಗ, ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ತೀರ್ಪುಗಳನ್ನೇ ಜನರ ಕಣ್ಣಿನಿಂದ ಮರೆಮಾಡಿದರೆ ನ್ಯಾಯ ನಡೆಯುತ್ತಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯೂ ಸಣ್ಣದಲ್ಲ.

ಇಂತಹ ಗ್ರಹಚಾರಕ್ಕೆ ಸಿಕ್ಕಿದ ವಾಚಕರು ಮೊದಲು ಖುಲಾಸೆಯ ತೀರ್ಪಿನ ದೃಢೀಕೃತ ನಕಲನ್ನು ಪಡೆದಿಟ್ಟುಕೊಳ್ಳಬೇಕು. ಅದಿಲ್ಲದೆ ಯಾವ ಬಾಗಿಲೂ ತೆರೆಯದು. ಅನಂತರ ಪ್ರಕಟಿಸಿದವರಿಗೆ ಬರವಣಿಗೆಯಲ್ಲಿ ಕೇಳಬೇಕು. ಅಳಿಸಲು ಹಣ ಕೇಳುವ ತಾಣಗಳ ಪುಟಗಳನ್ನು ಹುಡುಕಾಟದಿಂದ ತೆಗೆಯುವಂತೆ ಗೂಗಲ್‌ಗೆ ನೇರವಾಗಿ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಕೊನೆಯ ದಾರಿ ಹೈಕೋರ್ಟು. ನಡುವೆ ಬಂದು ಕೈಯೊಡ್ಡುವ ದಲಾಲಿಗಳನ್ನು ಹತ್ತಿರ ಸೇರಿಸಬೇಡಿ.

ನಮ್ಮ ಉಪಸಂಪಾದಕರು ಆಕ್ಷೇಪಿಸಿದರು: "ಇಂದು ಇವನು, ನಾಳೆ ಬ್ಯಾಂಕು ಮುಳುಗಿಸಿದವನೂ ಅಳಿಸಿರೆಂದು ಬರುತ್ತಾನೆ." ಅವರ ಮಾತು ಸುಳ್ಳಲ್ಲ. ಎರಡು ದಿನ ಯೋಚಿಸಿ, ತೀರ್ಪಿನ ನಕಲನ್ನು ಓದಿ, ಅಂತರ್ಜಾಲದ ಪುಟದಿಂದ ಅವನ ಚಿತ್ರವನ್ನೂ ಹೆಸರನ್ನೂ ತೆಗೆಸಿದೆನು. ಖುಲಾಸೆಯಾದ ಸಂಗತಿಯನ್ನು ಅದೇ ಸುದ್ದಿಯ ತಲೆಯ ಮೇಲೆ ಸೇರಿಸಿದೆನು. ರಟ್ಟು ಕಟ್ಟಿಸಿದ ಸಂಪುಟದಲ್ಲಿ ಹಳೆಯ ಪುಟ ಹಾಗೆಯೇ ಇದೆ. ಅಷ್ಟರಲ್ಲಿ ಆ ಆಫೀಸಿನ ಕೆಲಸ ಬೇರೊಬ್ಬರ ಪಾಲಾಗಿತ್ತು.