ಬಿಟ್ಟುಹೋದ ರೂಪವನ್ನು ಹೆಸರಿಸುವ ಕಂಪೈಲರ್

ಬೆಂಗಳೂರಿನಲ್ಲಿ ಪ್ರಯಾಣಿಕರನ್ನು ಆಟೊ ಚಾಲಕರಿಗೆ ನೇರವಾಗಿ ಜೋಡಿಸಲು 2022ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ಯ ಸರ್ವರ್ ಭಾಗವನ್ನು ಜಸ್‌ಪೇ ಸಂಸ್ಥೆಯು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೂಪಿಸಿ ಮೂಲ ಕೋಡನ್ನೂ ಮುಕ್ತವಾಗಿಟ್ಟಿತು; ನಿಟ್ಟೆಯಲ್ಲೋ ಮಣಿಪಾಲದಲ್ಲೋ ಎಂಜಿನಿಯರಿಂಗ್ ಓದುವವರಿಗೆ ಇಂಥ ಭಾಷೆಗಳು ಪಠ್ಯದ ಅಂಚಿನ ವಿಷಯವಲ್ಲ ಎನ್ನಲು ಇದೊಂದು ನಿದರ್ಶನ ಸಾಕು.

ಇಂಥ ಭಾಷೆಗಳ ಜೀವಾಳವೆನಿಸಿದ ಪ್ಯಾಟರ್ನ್ ಮ್ಯಾಚಿಂಗ್ ಎಂದರೆ, ದತ್ತಾಂಶವು ತಳೆಯಬಹುದಾದ ರೂಪಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದಕ್ಕೂ ಮಾಡಬೇಕಾದ ಕೆಲಸವನ್ನು ಅದರ ಎದುರಿಗೇ ನಮೂದಿಸುವ ಕ್ರಮ. ಪ್ರಯಾಣವೊಂದು ಹೊಸದು, ಚಾಲ್ತಿಯಲ್ಲಿರುವುದು, ಮುಗಿದದ್ದು, ರದ್ದಾದದ್ದು ಎಂಬ ನಾಲ್ಕು ಸ್ಥಿತಿಗಳಲ್ಲಿರಬಹುದೆಂದು ಘೋಷಿಸಿ, ಬಾಡಿಗೆ ಲೆಕ್ಕದ ಫಂಕ್ಷನ್‌ನಲ್ಲಿ ಕೊನೆಯದನ್ನು ಬರೆಯಲು ಮರೆತರೆ, ಅಂಥ ಪ್ರಯಾಣ ಎದುರಾದಾಗ ಹ್ಯಾಸ್ಕೆಲ್ ದೋಷ ಸಂದೇಶವು ಫೈಲು, ಸಾಲು, ಫಂಕ್ಷನ್ ಇವಿಷ್ಟನ್ನೇ ತಿಳಿಸುತ್ತದೆ. ಹೊಂದದೆ ಹೋದ ಮೌಲ್ಯ ಯಾವುದೆಂಬ ಮುಖ್ಯ ಸಂಗತಿಯೇ ಅದರಲ್ಲಿರುವುದಿಲ್ಲ. ಇದಕ್ಕೆ ಅಲಕ್ಷ್ಯ ಕಾರಣವಲ್ಲ. ಕಂಪೈಲರ್, ಅಂದರೆ ಕೋಡನ್ನು ಯಂತ್ರಭಾಷೆಗೆ ಇಳಿಸುವ ತಂತ್ರಾಂಶ, ಆ ವೇಳೆಗೆ ಟೈಪ್‌ಗಳ (ಮೌಲ್ಯಗಳ ಬಗೆಗಳ) ವಿವರವನ್ನು ಅಳಿಸಿರುವುದರಿಂದ, ಯಾವುದೇ ಮೌಲ್ಯವನ್ನು ಅಕ್ಷರಗಳಲ್ಲಿ ತೋರಿಸುವ ವಿಧಾನ ಓಡುತ್ತಿರುವ ಪ್ರೋಗ್ರಾಂಗೆ ತಾನಾಗಿ ದೊರೆಯದು. ಟೈಪ್‌ಗಳನ್ನು ಓಡುವಾಗಲೂ ಮೌಲ್ಯಗಳೊಂದಿಗೇ ಒಯ್ಯುವ ಎಲಿಕ್ಸಿರ್ ಭಾಷೆಗೆ ಈ ತೊಡಕಿಲ್ಲ; 2017ರ 1.5ನೇ ಆವೃತ್ತಿಯಿಂದ ಅದು ಕೊಟ್ಟ ಮೌಲ್ಯಗಳನ್ನೂ, ಪ್ರಯತ್ನಿಸಿದ ರೂಪಗಳಲ್ಲಿ ಹೊಂದದ ಭಾಗವನ್ನೂ ತೋರಿಸುತ್ತದೆ.

ಆದರೂ ಓಡಿಸುವ ಮೊದಲೇ ಸಿಗುವ ಎಚ್ಚರಿಕೆಯೇ ಮೇಲು. ಒಕ್ಯಾಮಲ್ ಭಾಷೆಗಾಗಿ ಲೂಕ್ ಮರಾಂಜೆ 2007ರಲ್ಲಿ ವಿವರಿಸಿದ ಕ್ರಮದಲ್ಲಿ, ಬರೆದ ಸಾಲುಗಳ ಕೆಳಗೆ ಏನನ್ನಾದರೂ ಒಪ್ಪುವ ಸಾಲೊಂದನ್ನು ಕಲ್ಪಿಸಿಕೊಂಡು, ಅದರವರೆಗೆ ತಲುಪಬಲ್ಲ ಮೌಲ್ಯವಿದೆಯೇ ಎಂದು ಪರೀಕ್ಷಿಸಲಾಗುತ್ತದೆ. ಇದ್ದರೆ ಆ ಮೌಲ್ಯವೇ ಬಿಟ್ಟುಹೋದ ರೂಪದ ಉದಾಹರಣೆಯಾಗಿ ಸಂದೇಶದಲ್ಲಿ ಮೂಡುತ್ತದೆ. ಷರತ್ತುಗಳು ಬೆರೆತ ಜಟಿಲ ರೂಪಗಳಿಗೂ ಇಂಥ ಪರೀಕ್ಷೆಯನ್ನು ವಿಸ್ತರಿಸುವ ಕ್ರಮವನ್ನು ಸೆಬಾಸ್ಟಿಯನ್ ಗ್ರಾಫ್, ಸೈಮನ್ ಪೇಟನ್ ಜೋನ್ಸ್ ಮತ್ತು ರಯಾನ್ ಸ್ಕಾಟ್ 2020ರಲ್ಲಿ ಹ್ಯಾಸ್ಕೆಲ್‌ಗೆ ಒದಗಿಸಿದರು. ಇಷ್ಟು ಶ್ರಮದ ಫಲವಾದ ಈ ಎಚ್ಚರಿಕೆ ಹ್ಯಾಸ್ಕೆಲ್‌ನ ಪ್ರಮುಖ ಕಂಪೈಲರ್‌ನಲ್ಲಿ ಕೇಳಿದವರಿಗಷ್ಟೇ ಸಿಗುವಂತಿರುವುದು ಸರಿಯಲ್ಲ. ಬಿಟ್ಟುಹೋದ ರೂಪವಿದ್ದರೆ ಕೋಡನ್ನೇ ತಿರಸ್ಕರಿಸುವ ಎಲ್ಮ್ ಭಾಷೆಯ ನಿಲುವು ಕಲಿಯುವವರಿಗೆ ಹೆಚ್ಚು ಹಿತ.

ಎಚ್ಚರಿಕೆಯ ಕಾಟ ತಪ್ಪಿಸಲು ಕೊನೆಯಲ್ಲಿ ಎಲ್ಲವನ್ನೂ ಒಪ್ಪುವ ಅಡಿಗೆರೆಯ (_) ಸಾಲು ಸೇರಿಸುವ ರೂಢಿಯನ್ನು ಮಾತ್ರ ಈ ಪರೀಕ್ಷೆ ತಡೆಯಲಾರದು. ನಾಳೆ ‘ಮುಂಗಡ ಕಾಯ್ದಿರಿಸಿದ್ದು’ ಎಂಬ ಐದನೆಯ ಸ್ಥಿತಿ ಸೇರಿದಾಗ, ಅದೂ ಆ ಸಾಲಿನೊಳಗೆ ಸದ್ದಿಲ್ಲದೆ ಸೇರಿ, ಯಾವ ಸಂದೇಶವೂ ಇಲ್ಲದೆ ತಪ್ಪು ಬಾಡಿಗೆ ಲೆಕ್ಕವಾಗಬಹುದು.