ಅಲಗಿನ ಹದ

ಬಳ್ಳಾರಿ ನಗರಕ್ಕೆ ಅನತಿದೂರದ ಸಂಗನಕಲ್ಲಿನ ಬೆಟ್ಟಗಳಲ್ಲಿ, ಕಬ್ಬಿಣದ ಪರಿಚಯವೇ ಇಲ್ಲದಿದ್ದ ನವಶಿಲಾಯುಗದ ಜನರು, ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಮೇಲೆದ್ದ ಡಾಲರೈಟ್ ಎಂಬ ಕರಿಯ ಶಿಲೆಯನ್ನು ಆಯ್ದು, ಚಕ್ಕೆಗಳನ್ನೆಬ್ಬಿಸಿ, ಉಬ್ಬುತಗ್ಗುಗಳನ್ನು ಕುಟ್ಟಿ ಸಮಮಾಡಿ, ಕಡೆಗೆ ಬಂಡೆಯ ಮೇಲೆ ಉಜ್ಜಿ ಉಜ್ಜಿ ಕೊಡಲಿಯ ಬಾಯನ್ನು ತೆಗೆಯುತ್ತಿದ್ದರು. ಹಾಗೆ ಉಜ್ಜಿದುದರಿಂದ ಬಿದ್ದ ನುಣುಪಾದ ತೋಡುಗಳು ಇಂದಿಗೂ ಅಲ್ಲಿವೆ. 1946ರಲ್ಲಿ ಬಿ. ಸುಬ್ಬರಾವ್ ಅವರು ಅಲ್ಲಿಯೂ, 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿಯೂ ನಡೆಸಿದ ಉತ್ಖನನಗಳಿಂದ ಆ ಜನರ ಬಾಳು ನಮಗೆ ತಿಳಿದುಬಂದಿತು. ಚೂರಿ ಮಾಡಲು ಕಲಿಯಬಯಸುವವನು ಸುತ್ತಿಗೆ ಹಿಡಿಯುವ ಮುನ್ನ ಈ ಶಿಲಾಕರ್ಮಿಗಳಿಗೆ ಶಿಷ್ಯನಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾದ ಲೋಹವನ್ನು ಬಡಿದು ರೂಪಿಸುವ ವಿದ್ಯೆ ವರ್ಷಗಳ ಅಭ್ಯಾಸವನ್ನು ಬೇಡುತ್ತದೆ. ತಣ್ಣನೆಯ ಪಟ್ಟಿಯಿಂದ ಬೇಡವಾದುದನ್ನು ಅರದಿಂದ ಉಜ್ಜಿ ಕಳೆಯುವ ವಿದ್ಯೆಯಾದರೋ ತಾಳ್ಮೆಯುಳ್ಳ ಯಾರಿಗಾದರೂ ಸಾಧ್ಯ.

ಯಂತ್ರಶಾಸ್ತ್ರದ ದೃಷ್ಟಿಯಿಂದ ಚೂರಿಯು ಒಂದು ಬೆಣೆ. ಕೈಯ ಅಲ್ಪಬಲವು ಅತಿ ಕಿರಿದಾದ ಅಂಚಿನ ಮೇಲೆ ಕೇಂದ್ರೀಕೃತವಾಗಿ ಅಪಾರ ಒತ್ತಡವಾಗುತ್ತದೆ. ಅಂಚು ತೆಳುವಾದಷ್ಟೂ ಒತ್ತಡ ಹೆಚ್ಚುವುದು, ಅಷ್ಟೇ ಪ್ರಮಾಣದಲ್ಲಿ ಅದು ಮಡಿಯುವ ಅಥವಾ ಮುಕ್ಕಾಗುವ ಭಯವೂ ಹೆಚ್ಚುವುದು. ಈ ವಿರೋಧಕ್ಕೆ ಪರಿಹಾರವಿರುವುದು ಲೋಹದ ಹದದಲ್ಲಿ. ಕಲ್ಲಿಗೆ ಆ ಭಾಗ್ಯವಿಲ್ಲ.

ಸಂಡೂರಿನ ಅದಿರೂ ತೋರಣಗಲ್ಲಿನ ಕಾರ್ಖಾನೆಯೂ ಇರುವ ಜಿಲ್ಲೆಯಲ್ಲಿ ಉಕ್ಕಿಗೆ ಬರವಿಲ್ಲವಾದರೂ ಎಲ್ಲ ಉಕ್ಕೂ ಚೂರಿಯಾಗದು. ಕಟ್ಟಡದ ಸರಳಿನಲ್ಲಿ ಇಂಗಾಲವು ಸಾಮಾನ್ಯವಾಗಿ ಶೇಕಡ 0.3ಕ್ಕಿಂತ ಕಡಿಮೆಯಿರುವುದರಿಂದ ಅದು ಅಲಗಿಗೆ ತಕ್ಕ ಗಡಸನ್ನು ಪಡೆಯಲಾರದು. ಗುಜರಿಯಲ್ಲಿ ದೊರೆಯುವ ಲಾರಿಯ ಕಮಾನ್ ಪಟ್ಟಿಯಲ್ಲಾದರೆ ಸುಮಾರು ಶೇಕಡ 0.6ರಷ್ಟು ಇಂಗಾಲವಿರುತ್ತದೆ, ಆದರೆ ಬಹುಕಾಲ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದುದರಿಂದ, ಬಳಸದೆ ಉಳಿದ ತುಂಡು ಸಿಕ್ಕಿದರೆ ಅದೇ ಲೇಸು.

ಆ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತಿಟ್ಟು, ನಿಧಾನವಾಗಿ ಆರಗೊಟ್ಟರೆ ಅರಕ್ಕೆ ಬಗ್ಗುವಷ್ಟು ಮೆದುವಾಗುತ್ತದೆ. ಆಗ ಆಕಾರವನ್ನು ಬರೆದುಕೊಂಡು, ಕತ್ತರಿಸಿ, ಅರದಿಂದ ಉಜ್ಜುತ್ತ ಬಂದು, ಹಿಡಿಯ ಮೊಳೆಗಳಿಗೆ ರಂಧ್ರ ಕೊರೆದು, ಬಾಯನ್ನು ಹರಿತಮಾಡದೆ ಸುಮಾರು 1 ಮಿಲಿಮೀಟರು ದಪ್ಪವುಳಿಸಬೇಕು. ತೀರ ತೆಳುವಾದ ಬಾಯಿ ಮುಂದಿನ ಅಗ್ನಿಪರೀಕ್ಷೆಯಲ್ಲಿ ಸೊಟ್ಟಗಾಗುತ್ತದೆ, ಇಲ್ಲವೆ ಸೀಳುತ್ತದೆ. ಮತ್ತೆ ಕಾಯಿಸುವಾಗ ಅಯಸ್ಕಾಂತವು ಗುರುವಿನ ಸ್ಥಾನದಲ್ಲಿ ನಿಲ್ಲುತ್ತದೆ: ಸುಮಾರು 770 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ಉಕ್ಕು ಅದಕ್ಕೆ ಅಂಟದು. ಅಲ್ಲಿಂದ ಇನ್ನಷ್ಟು ಕೆಂಪೇರಿಸಿದಾಗ ಉಕ್ಕಿನ ಸ್ಫಟಿಕಗಳು ಪುನರ್ರಚಿತವಾಗಿ ಇಂಗಾಲದ ಪರಮಾಣುಗಳು ಅವುಗಳಲ್ಲಿ ಕರಗಿಹೋಗುತ್ತವೆ; ಆ ಕ್ಷಣದಲ್ಲೇ ಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿದರೆ, ಹೊರಬರಲು ಸಮಯವಿಲ್ಲದ ಇಂಗಾಲವು ಒಳಗೇ ಸೆರೆಯಾಗಿ, ಸ್ಫಟಿಕಗಳನ್ನು ಬಿಗಿದು, ಅರವೂ ಜಾರುವಷ್ಟು ಗಡಸನ್ನು ಕೊಡುತ್ತದೆ. ನೀರು ಕೂಡದು, ಅದರ ಉಗ್ರವಾದ ತಂಪಿಗೆ ಈ ಉಕ್ಕು ಬಿರಿಯುವುದುಂಟು. ಎಣ್ಣೆ ಹೊತ್ತಿಕೊಳ್ಳಬಹುದಾದ್ದರಿಂದ ಪಾತ್ರೆ ಲೋಹದ್ದಾಗಿರಬೇಕು, ಮುಚ್ಚಳ ಕೈಗೆಟುಕುವಂತಿರಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಿದವನ ಚೂರಿ ಕೆಳಗೆ ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ತಡಮಾಡದೆ ಸುಮಾರು 200 ಡಿಗ್ರಿ ಶಾಖದಲ್ಲಿ ಎರಡು ಗಂಟೆ ಇರಿಸಿ ಬಿಗಿತವನ್ನು ಕೊಂಚ ಸಡಿಲಿಸಬೇಕು. ಉಜ್ಜಿ ಹೊಳಪಿಸಿದ ಮೈಮೇಲೆ ಆಗ ಹುಟ್ಟುವ ಆಕ್ಸೈಡಿನ ತೆಳುಪದರವು ಮೊದಲು ತಿಳಿಹಳದಿಯಾಗಿಯೂ, ಶಾಖವೇರಿದಂತೆ ಕಂದು, ನೇರಳೆ, ಕಡೆಗೆ ನೀಲಿಯಾಗಿಯೂ ತೋರುತ್ತದೆ. ಅಡುಗೆಮನೆಯ ಚೂರಿಗೆ ತಿಳಿಹಳದಿಯೇ ಸರಿ. ನೀಲಿಯವರೆಗೆ ಹೋದರೆ ಅಲಗು ಬೇಗನೆ ಮೊಂಡಾಗುತ್ತದೆ.

ಸಿರುಗುಪ್ಪದ ಭತ್ತದ ಸೀಮೆಯಲ್ಲಾಗಲಿ ಕುರುಗೋಡಿನ ಕಡೆಯಾಗಲಿ ಕುಡುಗೋಲು ತಟ್ಟುವ ಕಮ್ಮಾರನು ಈ ಬಣ್ಣಗಳನ್ನು ಉಷ್ಣಮಾಪಕವಿಲ್ಲದೆಯೇ ಓದಬಲ್ಲನು. ಆ ಕಣ್ಣು ನಮ್ಮ ಪಾಠಶಾಲೆಗಳು ಗೌರವಿಸಬೇಕಾದ ಜ್ಞಾನ. ಅರದ ಕೆಲಸವನ್ನು ಮನೆಯಲ್ಲಿ ಮುಗಿಸಿಕೊಂಡು, ಕಾಯಿಸುವುದಕ್ಕೆ ಮಾತ್ರ ಅಂಥವನ ಕುಲುಮೆಗೆ ಹೋಗಿ, ನೆರಳಿನಲ್ಲಿ ನಿಂತು ನೋಡುವುದು ಉಚಿತ, ಏಕೆಂದರೆ ಬಿಸಿಲಿನಲ್ಲಿ ಕೆಂಪಿನ ತಾರತಮ್ಯ ಕಣ್ಣಿಗೆ ಸಿಕ್ಕದು.