ಎಲೆ ಮಗುಚಿ ನೋಡುವ ಕೈ

ದೇವಕಣಗಿಲೆಗೆ ಕೀಟ ಬಿದ್ದಿದೆ ಎಂಬುದು ಮನೆಯವರಿಗೆ ಸಾಮಾನ್ಯವಾಗಿ ಕೀಟ ಕಂಡು ಗೊತ್ತಾಗುವುದಿಲ್ಲ. ಗಿಡದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಅಂಟಂಟಾಗುತ್ತದೆ, ಕೆಳಗಿನ ಎಲೆಗಳು ಕಪ್ಪಾಗುತ್ತವೆ, ಕಾಂಡದ ಉದ್ದಕ್ಕೂ ಇರುವೆ ಸಾಲು ಹತ್ತಿ ಇಳಿಯುತ್ತಿರುತ್ತದೆ. ಆಮೇಲೆ ಯಾರೋ ಅಂಗಡಿಗೆ ಹೋಗಿ ‘ಹುಳಕ್ಕೆ ಏನಾದರೂ ಔಷಧಿ ಕೊಡಿ’ ಎಂದು ಕೇಳುತ್ತಾರೆ. ಅಂಗಡಿಯವರೂ ಏನಾದರೂ ಕೊಟ್ಟೇ ಕೊಡುತ್ತಾರೆ.

ಬಲ್ಲ ಮಾಲಿಯ ಕೆಲಸ ಬೇರೆ ಕಡೆಯಿಂದ ಶುರುವಾಗುತ್ತದೆ. ಕಪ್ಪಾದ ಎಲೆಯ ಮುಂದೆ ಅವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಲೆಯೆತ್ತಿ ಅದರ ನೇರಕ್ಕೆ ಮೇಲಿರುವ ಎಲೆಯನ್ನು ಬಗ್ಗಿಸಿ, ಮಗುಚಿ ನೋಡುತ್ತಾನೆ. ಕಪ್ಪು ಎನ್ನುವುದು ಬೂಷ್ಟು. ರಸ ಹೀರುವ ಕೀಟಗಳು ಹೊರಬಿಡುವ ಸಿಹಿಯಾದ ಅಂಟು ಕೆಳಗಿನ ಎಲೆಯ ಮೇಲೆ ತೊಟ್ಟಿಕ್ಕಿ, ಅದರ ಮೇಲೆ ಈ ಬೂಷ್ಟು ಬೆಳೆಯುತ್ತದೆ. ಅದು ಎಲೆಯೊಳಗೆ ಇಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಿಟ್ಟು ಬರುತ್ತದೆ. ಅದಕ್ಕೆಂದು ಬೂಷ್ಟುನಾಶಕ ಹೊಡೆಯುವವರನ್ನು ಕಂಡರೆ ಇಂಥ ಮಾಲಿಗಳಿಗೆ ಒಳಗೊಳಗೇ ನಗು.

ನಮ್ಮ ಗುಡಿಗಳ ಅಂಗಳದಲ್ಲಿ, ಹಳೆಯ ಶಾಲೆಗಳ ಮುಂದೆ ಎಷ್ಟೋ ಕಾಲದಿಂದ ನಿಂತಿರುವ ಈ ಗಿಡ, ಕೆಲವೆಡೆ ಗೋಸಂಪಿಗೆ ಎಂದೂ ಕರೆಸಿಕೊಳ್ಳುವ ಇದು, ಹುಟ್ಟಾ ನಮ್ಮದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಅದರ ತವರು. ಪ್ಲುಮೇರಿಯ ಎಂಬ ಶಾಸ್ತ್ರೀಯ ಹೆಸರು 17ನೇ ಶತಮಾನದ ಫ್ರೆಂಚ್ ಸಸ್ಯವಿಜ್ಞಾನಿ ಶಾರ್ಲ್ ಪ್ಲುಮಿಯೆ ಅವರ ನೆನಪಿನದು. ಕಣಗಿಲೆಯ ಕುಲದ್ದೇ ಆದ್ದರಿಂದ ಎಲ್ಲಿ ಗಾಯವಾದರೂ ಬಿಳಿ ಹಾಲು ಸುರಿಸುತ್ತದೆ. ಆಡು ಕುರಿಗಳೂ ಸಾಮಾನ್ಯವಾಗಿ ಇದರ ತಂಟೆಗೆ ಬರುವುದಿಲ್ಲ. ಎಲೆ ಕಡಿದು ತಿನ್ನುವ ಹುಳಗಳ ಕಾಟವೂ ನಮ್ಮಲ್ಲಿ ಕಡಿಮೆಯೇ. ತವರಿನಲ್ಲಿ ಮಾತ್ರ ಈ ಹಾಲನ್ನೂ ಅರಗಿಸಿಕೊಳ್ಳುವ ಒಂದು ಕಂಬಳಿಹುಳುವಿನಂಥ ದೊಡ್ಡ ಮರಿಹುಳು ಇದೆ: ಕಪ್ಪು ಮೈ, ಹಳದಿ ಪಟ್ಟೆ, ಕೆಂಪು ತಲೆ, ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ಕೆರಿಬಿಯನ್ ದ್ವೀಪಗಳಲ್ಲಿ ಅದು ಒಂದು ಮರವನ್ನು ಕೆಲವೇ ದಿನಗಳಲ್ಲಿ ಬೋಳು ಮಾಡಿಬಿಡುತ್ತದೆ. ಪುಣ್ಯಕ್ಕೆ ಅದು ಹಡಗು ಹತ್ತಿ ಇಲ್ಲಿಗೆ ಬಂದಿಲ್ಲ.

ಬಂದವು ಹೀರುವ ಜಾತಿಯವು. ಹಾಲಿನ ಕಾವಲು ಇವುಗಳ ಮುಂದೆ ನಡೆಯುವುದಿಲ್ಲ. ಕೂದಲಿಗಿಂತ ಸಪೂರವಾದ ಬಾಯಿಕೊಳವೆಯನ್ನು ಎಲೆಯೊಳಗೆ ತೂರಿಸಿ, ಹಾಲಿನ ನಾಳಗಳನ್ನು ಕತ್ತರಿಸದೆಯೇ ನೇರವಾಗಿ ರಸದ ನಾಳಕ್ಕೆ ಬಾಯಿ ಹಾಕುತ್ತವೆ. ಇವುಗಳಲ್ಲಿ ಯಾವುದು ಕೂತಿದೆ ಎಂದು ಗುರುತಿಸುವುದೇ ಈ ಕಸುಬಿನ ಮುಕ್ಕಾಲು ಪಾಲು. ಅದಕ್ಕೆ ಬೇಕಾದ ಸಲಕರಣೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಪುಟ್ಟ ಭೂತಗನ್ನಡಿ, ಒಂದು ಬಿಳಿ ಕಾಗದ. ಅಷ್ಟೇ.

ಹಿಟ್ಟು ತಿಗಣೆಯನ್ನೇ ತೆಗೆದುಕೊಳ್ಳಿ. ಎಲೆಯ ತೊಟ್ಟಿನ ಬುಡ, ಹೂಗೊಂಚಲಿನ ಸಂದು, ಕೊಂಬೆಯ ತುದಿಯಲ್ಲಿ ಎಳೆಯೆಲೆಗಳು ಒತ್ತಾಗಿರುವ ಜಾಗ, ಇವು ಅದಕ್ಕೆ ಇಷ್ಟ. ಮನೆಯವರ ಕಣ್ಣಿಗೆ ಎಲ್ಲವೂ ‘ಬಿಳಿ ಹತ್ತಿ’. ಮಾಲಿ ಭೂತಗನ್ನಡಿ ಹಿಡಿದರೆ ಬಾಲ ಹುಡುಕುತ್ತಾನೆ. ಹಿಂಭಾಗದಲ್ಲಿ ಎರಡು ಉದ್ದನೆಯ ಮೇಣದ ಬಾಲ, ಬೆನ್ನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದೊಂದು ಜಾತಿ. ಬಾಲವೆಂಬುದು ಹೆಸರಿಗಷ್ಟೇ ಇದ್ದು, ಮೇಣ ಸರಿಸಿದಾಗ ಮೈ ಹಳದಿಯಾಗಿದ್ದರೆ ಪಪ್ಪಾಯ ಹಿಟ್ಟು ತಿಗಣೆ ಇರಬೇಕು. ಆಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದನ್ನು ತೆಗೆದು ಅದೇ ಸ್ಪಿರಿಟ್‌ನಲ್ಲಿ ನೆನೆಯಲು ಬಿಡುತ್ತಾನೆ. ಹಳದಿ ಮೈ ಕ್ರಮೇಣ ನೀಲಿಗಪ್ಪಿಗೆ ತಿರುಗುತ್ತದೆ. ಪ್ರಯೋಗಾಲಯದಲ್ಲೂ ಈ ಜಾತಿಯ ಗುರುತುಗಳಲ್ಲಿ ಇದೊಂದು. ಜಾತಿ ಯಾವುದು ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಂತಿರುವುದರಿಂದ ಈ ತಾಳ್ಮೆ.

ಬಿಳಿ ನೊಣದ ಗುರುತು ಇನ್ನೂ ಚೆಂದ. ಸುರುಳಿ ಬಿಳಿ ನೊಣ ಎಂಬ ಜಾತಿಯ ಹೆಣ್ಣು ಎಲೆಯ ಅಡಿಯಲ್ಲಿ ಸುತ್ತುತ್ತ ಸುತ್ತುತ್ತ ಮೊಟ್ಟೆಯಿಟ್ಟು ಮೇಣದ ಪುಡಿ ಉದುರಿಸುತ್ತಾ ಹೋಗುತ್ತದೆ. ಬಿಟ್ಟುಹೋದ ಗೆರೆಗಳು ಹೆಬ್ಬೆಟ್ಟಿನ ಗುರುತಿನಂತೆ ಕಾಣುತ್ತವೆ. ಇದೂ ಕೆರಿಬಿಯನ್, ಮಧ್ಯ ಅಮೆರಿಕದ್ದೇ. ದೇವಕಣಗಿಲೆಯ ಹೂವಿನಿಂದ ಹಾರ ಕಟ್ಟುವ ಹವಾಯಿಗೆ 1978ರಲ್ಲಿ ಕಾಲಿಟ್ಟಿತು. ಭಾರತದಲ್ಲಿ 1993ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡಿತು.

ಜೇಡನುಸಿ ಕೀಟವೇ ಅಲ್ಲ. ಅದಕ್ಕೆ ಎಂಟು ಕಾಲು, ನಂಟಸ್ತನವೆಲ್ಲ ಜೇಡದ ಜೊತೆ. ಫೆಬ್ರುವರಿಯಿಂದಾಚೆ ಒಣಗಾಳಿ, ಬಿಸಿಲು ಜೋರಾದಾಗ ಎಲೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಬಿಳಿಚಿದ ಚುಕ್ಕೆಗಳು ಮೂಡಿ, ಹಸಿರು ಬೂದಿಬಣ್ಣಕ್ಕೆ ತಿರುಗಿದರೆ ಇದರ ಮೇಲೆ ಸಂಶಯ. ಬಿಳಿ ಕಾಗದ ಬೇಕಾಗುವುದು ಇಲ್ಲಿ: ಎಲೆಯಡಿ ಕಾಗದ ಹಿಡಿದು ಒಂದೆರಡು ಸಲ ತಟ್ಟಬೇಕು. ಬಿದ್ದ ಧೂಳಿನಲ್ಲಿ ಕೆಲವು ಚುಕ್ಕೆ ನಡೆಯತೊಡಗಿದರೆ ಅದು ನುಸಿ. ಬೆರಳಿನಿಂದ ಉಜ್ಜಿದರೆ ಕೆಂಗಂದು ಗೆರೆ ಮೂಡುತ್ತದೆ. ಇಲ್ಲಿ ತಪ್ಪು ಗುರುತು ದುಬಾರಿಯಾಗುತ್ತದೆ. ಕೀಟಕ್ಕೆಂದು ಕೊಡುವ ಹಲವು ಔಷಧಿಗಳು ನುಸಿಯನ್ನು ಕೊಲ್ಲುವುದಿಲ್ಲ, ನುಸಿಯನ್ನು ತಿಂದು ಬದುಕುವ ಜೀವಿಗಳನ್ನು ಕೊಲ್ಲುತ್ತವೆ. ಹೊಡೆದ ಮೇಲೆ ನುಸಿ ಇಮ್ಮಡಿಯಾಗಿ, ‘ಔಷಧಿ ಸಾಲಲಿಲ್ಲ’ ಎಂದು ಇನ್ನೊಂದು ಸುತ್ತು ಹೊಡೆಯುವುದು ನಮ್ಮ ಬಡಾವಣೆಗಳಲ್ಲಿ ನಿತ್ಯದ ಮಾತು. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಹುಡಿ ಕಂಡು ಹುಳದ ಮೊಟ್ಟೆ ಎಂದು ಹೆದರುವವರೂ ಇದ್ದಾರೆ. ಅದು ತುಕ್ಕು ರೋಗ, ಶಿಲೀಂಧ್ರ; ಬಿದ್ದ ಎಲೆಗಳನ್ನು ಗುಡಿಸಿ ದೂರ ಹಾಕುವುದು ಅದಕ್ಕೆ ಮೊದಲ ಮದ್ದು, ಕೀಟನಾಶಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗುರುತಾಯಿತು, ಇನ್ನು ಸ್ಪ್ರೇಯರ್ ಎತ್ತಬಹುದು ಎಂದುಕೊಂಡರೆ ಮಾಲಿಯದು ಇನ್ನೊಂದು ವರಸೆ. ‘ಅಮ್ಮಾ, ಔಷಧಿ ಆಮೇಲೆ ನೋಡೋಣ, ಮೊದಲು ಗೊದ್ದ ಎಲ್ಲಿಂದ ಹತ್ತುತ್ತೆ ತೋರಿಸಿ’ ಅನ್ನುತ್ತಾನೆ. ಇರುವೆಗೆ ಅಂಟಿನ ಆಸೆ. ಆ ಆಸೆಗೆ ಹಿಟ್ಟು ತಿಗಣೆಯ ಕಾವಲಿಗೆ ನಿಂತು, ಅವುಗಳನ್ನು ತಿನ್ನಲು ಬಂದ ಹುಳಗಳನ್ನು ಕಚ್ಚಿ ಓಡಿಸುತ್ತದೆ. ಇರುವೆ ತಪ್ಪಿಸಿದರೆ ಅರ್ಧ ಯುದ್ಧ ಗೆದ್ದಂತೆ. ಕಾಂಡಕ್ಕೆ ನಾಲ್ಕು ಬೆರಳಗಲದ ಬಟ್ಟೆಯನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯುತ್ತಾರೆ. ತೊಗಟೆಗೆ ನೇರವಾಗಿ ಬಳಿಯಬಾರದು, ಮೆದು ಕಾಂಡ ಕೆಡುತ್ತದೆ. ಪಟ್ಟಿ ಹಾಕಿದ ಮೇಲೆ ಗೋಡೆಗೆ, ತಂತಿಗೆ, ಪಕ್ಕದ ಗಿಡಕ್ಕೆ ತಾಗಿದ ಕೊಂಬೆಗಳನ್ನೆಲ್ಲ ಬಿಡಿಸಬೇಕು. ಒಂದೇ ಒಂದು ಎಲೆ ಕಾಂಪೌಂಡಿಗೆ ತಾಗಿದ್ದರೂ ಇರುವೆಗೆ ಅದೇ ಸೇತುವೆ. ಕುಂಡದ ಗಿಡವಾದರೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಆಯಿತು.

ಆಮೇಲೆ ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರು ಬೀಸಣಿಗೆಯಾಗಿ ಚಿಮ್ಮುವಂತೆ ಮಾಡಿ, ಎಲೆಯ ಅಡಿಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುವುದು. ಎಡಗೈ ಕೊಂಬೆಯನ್ನು ಹಿಡಿದಿರಬೇಕು, ಇಲ್ಲದಿದ್ದರೆ ಹೂಗೊಂಚಲು ಮುರಿಯುತ್ತದೆ. ನುಸಿಗಂತೂ ಇದಕ್ಕಿಂತ ಒಳ್ಳೆಯ ಮೊದಲ ಮದ್ದಿಲ್ಲ. ಬೆಳಗಿನ ಹೊತ್ತೇ ಆಗಬೇಕು, ಎಲೆ ಬೇಗ ಒಣಗುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು. ಈ ಗಿಡ ಹುಳಕ್ಕೆ ಸಾಯುವುದಕ್ಕಿಂತ ಹೆಚ್ಚು ಬೇರು ಕೊಳೆತು ಸಾಯುತ್ತದೆ.

ನೀರಿಗೆ ಬಗ್ಗದ ಹಿಟ್ಟು ತಿಗಣೆಗೆ ಸೋಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳು ಇಂಥ ಕೆಲಸಕ್ಕೆ ಹೇಳಿಮಾಡಿಸಿದವು. ಅದು ಸಿಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಲ್ಲಿ ಕಲೆಯುವಷ್ಟು ಮೆದು ಸೋಪು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪಿನ ನೀರು ಕೀಟದ ಮೈಮೇಲಿನ ಮೇಣ ಕರಗಿಸಿ, ಮೈಗೆ ತಾಗಿದಾಗ ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಆ ಶಕ್ತಿ ಇಲ್ಲ. ಆದ್ದರಿಂದ ಎಷ್ಟು ಹೊಡೆದೆವು ಎಂಬುದಕ್ಕಿಂತ ಎಲ್ಲಿ ಹೊಡೆದೆವು ಎಂಬುದೇ ಮುಖ್ಯ: ಎಲೆಯ ಅಡಿ, ತೊಟ್ಟಿನ ಸಂದು, ತುದಿಯ ಸುಳಿ. ಮೊಟ್ಟೆಗೆ ಸೋಪು ಅಷ್ಟಾಗಿ ನಾಟುವುದಿಲ್ಲ, ಹಾಗಾಗಿ ವಾರ ಬಿಟ್ಟು ಮತ್ತೊಮ್ಮೆ, ಬೇಕೆನಿಸಿದರೆ ಇನ್ನೊಮ್ಮೆ. ಬೇವಿನ ಸಾರ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯೇ ಸರಿಯಾದ ಹೊತ್ತು. ಅರಳಿದ ಹೂವಿನ ಮೇಲೆ ಎಣ್ಣೆ ಬಿದ್ದರೆ ಎಸಳಿನಲ್ಲಿ ಕಲೆ ಉಳಿಯುತ್ತದೆ. ಅದಕ್ಕೆ ಹೂವುಗಳನ್ನು ಮೊದಲೇ ಬಿಡಿಸಿ ದೇವರ ಮನೆಗೆ ಕಳಿಸಿ, ಆಮೇಲೆ ಹೊಡೆಯುವುದು ಜಾಣತನ.

ಇಷ್ಟೆಲ್ಲ ಮಾಡಿದರೂ ಪಪ್ಪಾಯ ಹಿಟ್ಟು ತಿಗಣೆಯ ಕಥೆ ಬೇರೆಯೇ. ಮೆಕ್ಸಿಕೊ, ಮಧ್ಯ ಅಮೆರಿಕದ ಈ ಕೀಟ ಭಾರತದಲ್ಲಿ ಮೊದಲು ದಾಖಲಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು, ದಾಸವಾಳ, ದೇವಕಣಗಿಲೆ, ಯಾವುದನ್ನೂ ಬಿಡಲಿಲ್ಲ. ಔಷಧಿ ಹೊಡೆದು ಹೊಡೆದು ರೈತರು ಸೋತರು. ತವರಿನಲ್ಲಿ ಇದು ಅಷ್ಟು ದೊಡ್ಡ ಪೀಡೆಯಲ್ಲ, ಏಕೆಂದರೆ ಅಲ್ಲಿ ಇದನ್ನು ಹತೋಟಿಯಲ್ಲಿಡುವ ಪುಟ್ಟ ಕಣಜಗಳಿವೆ. 2010ರಲ್ಲಿ ಬೆಂಗಳೂರು ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಅಂಥ ಮೂರು ಜಾತಿಯ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿದರು. ದಿಗ್ಬಂಧನದಲ್ಲಿಟ್ಟು ಪರೀಕ್ಷಿಸಿ, ಸಾಕಿ, ಹೊಲಗಳಿಗೆ ಬಿಟ್ಟರು. ಆ ಮೂರರಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಅದ್ಭುತವಾಗಿ ನೆಲೆಯೂರಿತು. ಒಂದು ಮಿಲಿಮೀಟರಿಗೂ ಕಿರಿದಾದ ಮೈ. ಹೆಣ್ಣು ಎಳೆಯ ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ಅದನ್ನು ಒಳಗಿಂದೊಳಗೇ ತಿಂದು ಬೆಳೆಯುತ್ತದೆ. ಗಿಡ, ಗಿಡದ ಶತ್ರು, ಆ ಶತ್ರುವಿನ ಶತ್ರು, ಮೂರೂ ಒಂದೇ ಸೀಮೆಯವು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಾರಿಯಲ್ಲಿ ಬಂದು ನಮ್ಮ ಅಂಗಳದಲ್ಲಿ ಸೇರಿವೆ.

ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವ ಘಟ್ಟ ಇದು. ಭೂತಗನ್ನಡಿ ಹಿಡಿದ ಮಾಲಿ ಈಗ ಬದುಕಿರುವ ತಿಗಣೆಯನ್ನು ಬಿಟ್ಟು ಸತ್ತದ್ದನ್ನು ಹುಡುಕುತ್ತಾನೆ. ಬಿಳಿಯ ನಡುವೆ ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಗಟ್ಟಿಯಾದ ಒಂದೆರಡು ಮೈ; ಅದರಲ್ಲಿ ಗುಂಡನೆಯ ಒಂದು ತೂತು. ಕಣಜ ಹೊರಬಿದ್ದ ಬಾಗಿಲು. ಬಿಳಿ ನೊಣದ ಚಿಪ್ಪಿನಲ್ಲೂ ಇದೇ ಓದು: ನೊಣವೇ ಹೊರಬಂದಿದ್ದರೆ ಬೆನ್ನು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ಸೀಳಿರುತ್ತದೆ, ಕಣಜ ಬಂದಿದ್ದರೆ ದುಂಡು ತೂತು. ದುಂಡು ತೂತುಗಳು ಹೆಚ್ಚಾಗಿ ಕಂಡರೆ ಸ್ಪ್ರೇಯರ್ ವಾಪಸು ಶೆಡ್ಡಿಗೆ. ಆ ಹೊತ್ತಿನಲ್ಲಿ ಬುಡಕ್ಕೆ ಹರಳು ಔಷಧಿ ಹಾಕಿ ಗಿಡದ ರಸವನ್ನೇ ವಿಷ ಮಾಡುವುದಿದೆಯಲ್ಲ, ಅದು ನನ್ನ ಮಟ್ಟಿಗೆ ಅವಿವೇಕ. ತಿಗಣೆಯ ಜೊತೆ ಅದರೊಳಗಿನ ಕಣಜದ ಮರಿಯೂ ಸಾಯುತ್ತದೆ, ದೇವರಿಗೆ ಏರಿಸಿ ಮಕ್ಕಳ ಮುಡಿಗೆ ಇಡುವ ಹೂವಿನ ಗಿಡಕ್ಕೆ ಅಂಥ ವಿಷ ಯಾಕಾದರೂ ಬೇಕು?

ಇನ್ನೊಬ್ಬ ಗೆಳೆಯನನ್ನು ಜನ ಶತ್ರುವೆಂದೇ ಕೊಲ್ಲುತ್ತಾರೆ. ಹಿಟ್ಟು ತಿಗಣೆ ತಿನ್ನುವ ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳು, ಕ್ರಿಪ್ಟೊಲೀಮಸ್, 1898ರಲ್ಲೇ ಭಾರತಕ್ಕೆ ಬಂದದ್ದು. ದೊಡ್ಡ ಹುಳು ಕಪ್ಪು, ತಲೆಯ ಕಡೆ ಕಿತ್ತಳೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಅದರ ಮರಿ ಮಾತ್ರ ಮೈತುಂಬ ಬಿಳಿ ಮೇಣದ ಕುಚ್ಚು ಹೊತ್ತು ಥೇಟ್ ಹಿಟ್ಟು ತಿಗಣೆಯ ಹಾಗೆಯೇ ಇರುತ್ತದೆ, ಗಾತ್ರದಲ್ಲಿ ದೊಡ್ಡದು. ಗುರುತು ಒಂದೇ: ತಿಗಣೆ ಕೂತಲ್ಲೇ ಕೂತಿರುತ್ತದೆ, ಈ ಮರಿ ಚುರುಕಾಗಿ ಓಡಾಡುತ್ತದೆ. ಬಿಳಿ ಕುಚ್ಚು ನಡೆಯುತ್ತಿದೆ ಎಂದರೆ ಕೈ ಹಿಂದಕ್ಕೆ ತೆಗೆಯಬೇಕು. ಈ ಹುಳುವನ್ನು ಸಾಕುವ ರೀತಿಯೂ ಮಜವಾಗಿದೆ. ಚೆನ್ನಾಗಿ ಬಲಿತ ಸಿಹಿಗುಂಬಳದ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಕಾಯಿ ಪೂರ್ತಿ ಬೆಳ್ಳಗಾದ ಮೇಲೆ ಗುಲಗಂಜಿ ಹುಳುಗಳನ್ನು ಬಿಡುತ್ತಾರೆ. ಪೀಡೆಯನ್ನು ಇಷ್ಟು ಅಕ್ಕರೆಯಿಂದ ಸಾಕುವ ಜಾಗ ಬೇರೆಲ್ಲೂ ಇರಲಿಕ್ಕಿಲ್ಲ.

ಈ ಗಿಡ ನಮ್ಮಲ್ಲಿ ಕಾಯಿ ಕಟ್ಟುವುದು ಅಪರೂಪ. ಹೂವಿನಲ್ಲಿ ಮಕರಂದವಿಲ್ಲ, ರಾತ್ರಿಯ ಪರಿಮಳಕ್ಕೆ ಮರುಳಾಗಿ ಬರುವ ಪತಂಗಗಳನ್ನು ಏಮಾರಿಸಿಯೇ ಅದರ ಪರಾಗಸ್ಪರ್ಶ. ಹೀಗಾಗಿ ನಮ್ಮೂರುಗಳಲ್ಲಿ ಅದು ಹರಡಿದ್ದು ‘ಒಂದು ಕಡ್ಡಿ ಕೊಡಿ’ ಎಂಬ ಮಾತಿನಿಂದ. ಆ ಕಡ್ಡಿಯ ಜೊತೆಗೇ ತುದಿಯ ಸುಳಿಯಲ್ಲಿ ಅಡಗಿದ ತಿಗಣೆಯೂ ಮನೆಯಿಂದ ಮನೆಗೆ ಹೋಗುತ್ತದೆ. ಬಲ್ಲವರು ಕಡ್ಡಿ ತಂದ ಕೂಡಲೇ ಇದ್ದಬದ್ದ ಎಲೆಗಳನ್ನೆಲ್ಲ ತೊಟ್ಟಿನ ಹತ್ತಿರ ಕತ್ತರಿಸಿ, ಹಾಲು ಕೈಗೆ, ಕಣ್ಣಿಗೆ ತಾಗದ ಹಾಗೆ ಹಿಡಿದು, ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತಾರೆ. ಕತ್ತರಿಸಿದ ತುದಿ ಒಣಗಲು ಹೇಗೂ ವಾರವೋ ಹತ್ತು ದಿನವೋ ನೆರಳಲ್ಲಿ ಇಡಲೇಬೇಕು. ಆ ದಿನಗಳನ್ನು ಬೇರೆ ಗಿಡಗಳಿಂದ ದೂರ ಕಳೆಯುವಂತೆ ಮಾಡಿದರೆ, ಉಳಿದುಕೊಂಡ ಒಂದೆರಡು ತಿಗಣೆಯೂ ಕಣ್ಣಿಗೆ ಬೀಳುತ್ತವೆ.

ಡಿಸೆಂಬರಿನಲ್ಲಿ ಕೆಂಪು, ಹಳದಿ ಹೂವಿನ ಜಾತಿಗಳು ಎಲೆಯೆಲ್ಲ ಉದುರಿಸಿ ಬೋಳಾಗುತ್ತವೆ. ಹೊಸಬರು ಗಿಡ ಸತ್ತೇಹೋಯಿತು ಎಂದು ನೀರು, ಗೊಬ್ಬರ ಸುರಿಯುವುದು ಆಗಲೇ. ಮಾಲಿಗಾದರೋ ವರ್ಷದಲ್ಲಿ ಕೆಲಸಕ್ಕೆ ಇದಕ್ಕಿಂತ ಸುಲಭದ ತಿಂಗಳಿಲ್ಲ. ಎಲೆಯ ಮರೆ ಇಲ್ಲ, ತೊಟ್ಟು ಕಳಚಿದ ಗುರುತುಗಳಲ್ಲಿ, ಕವಲಿನ ಬಿರುಕುಗಳಲ್ಲಿ ಕೂತದ್ದೆಲ್ಲ ಬಯಲು. ಏಣಿ ಹಾಕಿ, ಬ್ರಷ್ ಹಿಡಿದು, ಕೊಂಬೆಕೊಂಬೆಯನ್ನೂ ಉಜ್ಜಿ ತೊಳೆಯುತ್ತಾನೆ. ಕೆಳಗೆ ಉದುರಿದ ಎಲೆ ಗುಡಿಸುತ್ತಾನೆ, ಗ್ರೀಸಿನ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಾನೆ. ಸಾರಜನಕದ ಗೊಬ್ಬರ ಮಾತ್ರ ಮುಟ್ಟುವುದಿಲ್ಲ. ಅತಿಯಾಗಿ ಕೊಟ್ಟರೆ ಚಿಗುರು ಮೆದುವಾಗಿ ಬಂದು ಹೀರುವ ಕೀಟಕ್ಕೆ ಹಬ್ಬವಾಗುತ್ತದೆ. ಮಾರ್ಚಿನಲ್ಲಿ ಮೊದಲ ಎಲೆಗಳು ಬಿಚ್ಚಿಕೊಂಡಾಗ ಅವನ ತಪಾಸಣೆ ಮತ್ತೆ ಶುರು, ವಾರಕ್ಕೊಮ್ಮೆ, ಗಿಡಕ್ಕೆ ಹತ್ತೇ ಎಲೆ.